ಬಸ್ಸಿಗೆ ಅಡ್ಡ ನಿಂತವಳು

ಬಸ್ಸು ಇನ್ನೇನು ಹೊರಡಬೇಕು, ಟೈಲರಮ್ಮ ಬಂದು ಎದುರಿಗೇ ನಿಂತುಬಿಟ್ಟಳು. ಡ್ರೈವರ್ ಹಾರ್ನ್ ಒತ್ತಿದ. ಅವಳು ಅಲುಗಲಿಲ್ಲ. ಡ್ರೈವರ್ ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ಅಣ್ಣ.

"ಏ ಕಡ್ಡಿ, ತಲೆ ಕೆಟ್ಟಿದೆಯೇನೇ? ಸರಿ ಪಕ್ಕಕ್ಕೆ!" ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

"ಸರಿಯೋದಿಲ್ಲ. ಇಳಿದು ಬಾ. ಪರೀಕ್ಷೆಗೆ ರಕ್ತ ಕೊಟ್ಟು ಬರೋಣ."

ಅವನು ಕಡ್ಡಿ ಅನ್ನುತ್ತಿದ್ದುದರಲ್ಲಿ ತಪ್ಪಿರಲಿಲ್ಲ. ಜೋರಾಗಿ ಗಾಳಿ ಬೀಸಿದರೆ ಹಾರಿಹೋಗುವಂಥ ಮೈ. ಅಂಥವಳಿಗೆ ಹೋದ ತಿಂಗಳು ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಾಗಲೇ ಹೃದಯಾಘಾತ ಆಗಿತ್ತು. ಕರಿದ ಪದಾರ್ಥದ ತಂಟೆಗೇ ಹೋಗದವಳ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಇರಬೇಕಾದ್ದಕ್ಕಿಂತ ಎರಡು ಪಟ್ಟು. "ಇದು ತಿಂದು ಬಂದದ್ದಲ್ಲಮ್ಮ, ವಂಶದಿಂದ, ಹುಟ್ಟಿನಿಂದಲೇ ಬಂದದ್ದು. ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಿ" ಎಂದಿದ್ದರು ಡಾಕ್ಟರು.

ಅವತ್ತಿನಿಂದ ಅಣ್ಣನಿಗೆ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಅವನದು ಒಂದೇ ರಾಗ: "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ." ಒಳಗಿನ ಭಯ ಬೇರೆಯೇ. ವರದಿ ಕೆಟ್ಟದಾಗಿ ಬಂದು ಡಿಪೋದವರ ಕಿವಿಗೆ ಬಿದ್ದರೆ ಸ್ಟೇರಿಂಗ್ ಕೈತಪ್ಪೀತು ಅಂತ.

ಬಸ್ಸಿನೊಳಗೆ ಗಲಾಟೆ ಶುರುವಾಯಿತು. ಕಂಡಕ್ಟರ್ ಇಳಿದು ಬಂದ. "ಅಕ್ಕಾ, ಜನ ಬೈತಾ ಇದ್ದಾರೆ. ಮನೆ ವಿಷಯ ಮನೇಲಿ ಇಟ್ಕೊಳ್ಳಿ."

"ಮನೆ ವಿಷಯ ಅಲ್ಲಪ್ಪ ಇದು!" ಎಂದವಳೇ ಅಣ್ಣನ ಕಡೆ ಮುಖ ಎತ್ತಿ ದನಿ ಏರಿಸಿದಳು. "ನಮ್ಮಪ್ಪ ಗಾರೆ ಕೆಲಸ ಮಾಡ್ತಾ ಮಾಡ್ತಾನೇ ಎದೆ ಹಿಡ್ಕೊಂಡು ಬಿದ್ದ. ನಲವತ್ತೂ ತುಂಬಿರಲಿಲ್ಲ. ಅವನ ಕೈಯಿಂದ ಜಾರಿದ್ದು ಕರಣೆ ಒಂದೇ. ನಿನ್ನ ಕೈಯಿಂದ ಏನು ಜಾರುತ್ತೆ ಅಂತ ಒಂದ್ಸಲ ಹಿಂದೆ ತಿರುಗಿ ನೋಡಣ್ಣ!"

ಅವನು ತಿರುಗಿದ. ಕಾಲಿಡಲೂ ಜಾಗವಿಲ್ಲದಷ್ಟು ಜನ. ಮುಂದಿನ ಸೀಟಿನಲ್ಲಿ ಮಗುವಿಗೆ ಹಾಲಿನ ಬಾಟಲಿ ಹಿಡಿದಿದ್ದ ಹೆಂಗಸು ಕುಡಿಸುವುದನ್ನೂ ಮರೆತು ಅವನನ್ನೇ ನೋಡುತ್ತಿದ್ದಳು. ಗಲಾಟೆ ತಾನಾಗಿಯೇ ಅಡಗಿತು. ಎಂಜಿನ್ ಆರಿಸಿದ. ಬೇರೆ ಡ್ರೈವರನ್ನು ಕರೆಸಲು ಕಂಡಕ್ಟರ್‌ಗೆ ಹೇಳಿ ಕೆಳಗಿಳಿದ.

"ಮಾನ ತೆಗೆದೆಯಲ್ಲೇ."

"ಹೋದ ಮಾನ ತಿರುಗಿ ಬರುತ್ತೆ. ನಡಿ."

ವರದಿ ಬಂದಾಗ ಅವನ ಅಂಕಿ ತಂಗಿಯದಕ್ಕಿಂತಲೂ ಮೇಲಿತ್ತು. ಡಾಕ್ಟರು ಎದೆಯನ್ನೂ ಪರೀಕ್ಷಿಸಿ ನೋಡಿದರು. "ಹೃದಯಕ್ಕೆ ಇನ್ನೂ ಏಟು ಬಿದ್ದಿಲ್ಲ. ಸರಿಯಾದ ಹೊತ್ತಿಗೆ ಬಂದಿದ್ದೀರಿ. ಮಾತ್ರೆ ಮಾತ್ರ ತಪ್ಪಿಸಬೇಡಿ. ಬಸ್ಸು ಓಡಿಸೋದಕ್ಕೆ ಇದರಿಂದೇನೂ ಅಡ್ಡಿ ಇಲ್ಲ" ಎಂದರು.

ಹೊರಗೆ ಬಂದವನು ಔಷಧದ ಚೀಟಿಯನ್ನು ಜೇಬಿಗೆ ತುರುಕಿದ. ಸಿಟ್ಟೋ ನಾಚಿಕೆಯೋ ಅವನಿಗೇ ತಿಳಿಯಲಿಲ್ಲ. ಕಣ್ಣು ಮಾತ್ರ ಒದ್ದೆಯಾಗಿತ್ತು. "ನಿನ್ನ ಹಟವೇ ಗೆದ್ದಿತು. ಈಗ ಸಮಾಧಾನ ಆಯ್ತಾ?"

"ಎಲ್ಲಿಂದ ಆಗುತ್ತೆ?" ಎಂದಳು ಟೈಲರಮ್ಮ. "ನಾಳೆ ನನ್ನ ಮಗನ್ನ ಕರ್ಕೊಂಡು ಬರ್ತಾ ಇದ್ದೀನಿ. ನೀನೂ ನಿನ್ನ ಮಗಳ ಕೈ ಹಿಡ್ಕೊಂಡು ಬಾ."