ಮಗಳ ದುಡ್ಡು

“ನಾನು ರಿಟೈರ್ ಆಗಲ್ಲ,” ಎಂದು ಮುರಳೀಧರ ಮಂಡಿಗೆ ಎಣ್ಣೆ ತಿಕ್ಕುತ್ತಲೇ ಘೋಷಿಸಿದರು. ಅಮೆರಿಕದ ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು, ಕಮ್ಮಿಂಗ್‌ನ ಮನೆಯವರೆಗೆ ಡ್ರೈವ್ ಮಾಡಿಕೊಂಡು ಬಂದಿದ್ದರು. ಬಾಯಿ ಏನೇ ಹೇಳಲಿ, ಮಂಡಿಗಳ ಅಭಿಪ್ರಾಯ ಬೇರೆಯೇ ಇತ್ತು. “ಸರ್ಕಾರ ಪಿಂಚಣಿ ಕೊಡೋ ಸೋಶಿಯಲ್ ಸೆಕ್ಯುರಿಟಿ ಡಬ್ಬಿ ಖಾಲಿ ಆಗ್ತಿದೆಯಂತೆ. ವಾಟ್ಸ್ಯಾಪ್‌ನಲ್ಲಿ ಬಂದಿದೆ. ಇಷ್ಟು ವರ್ಷ ಕಟ್ಟಿದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯ್ತು.”

“ಶ್ರಾವಣಿ ಮನೆ ಖರ್ಚಿಗೆ ಕೊಡ್ತೀನಿ ಅಂತಿದಾಳಲ್ಲ,” ಎಂದರು ಹೆಂಡತಿ ಮೈಥಿಲಿ, ಒಲೆಯ ಮುಂದಿನಿಂದಲೇ.

“ಮಗಳ ದುಡ್ಡಾ? ನಮ್ಮ ವಂಶದಲ್ಲೇ ಇಲ್ಲ. ಪ್ರಾಣ ಹೋದ್ರೂ ಮುಟ್ಟಲ್ಲ.”

ಆ ಪಿಂಚಣಿಗೆ ಅಪ್ಲೈ ಮಾಡಿಕೊಡಲೆಂದೇ ಲ್ಯಾಪ್‌ಟಾಪ್ ತಂದಿದ್ದ ಮಗಳು ಶ್ರಾವಣಿ ನಕ್ಕುಬಿಟ್ಟಳು. “ಅಪ್ಪಾ, ಇದು ಬೆಂಗಳೂರಿನ ಪಿ.ಎಫ್. ಥರ ಅಲ್ಲ. ನಿಮ್ಮ ಹೆಸರಲ್ಲಿ ಯಾವ ಡಬ್ಬೀನೂ ಇಲ್ಲ. ಈಗ ಕೆಲಸ ಮಾಡೋರ ಸಂಬಳದಲ್ಲಿ ಕಟ್ ಆಗೋದೇ ಈಗ ರಿಟೈರ್ ಆಗಿರೋರಿಗೆ ಹೋಗುತ್ತೆ. ಖಾಲಿ ಆಗ್ತಿರೋದು ಹಿಂದೆ ಮಿಕ್ಕಿದ್ದ ರಿಸರ್ವ್ ಅಷ್ಟೆ. ಆಮೇಲೆ ಸ್ವಲ್ಪ ಕಮ್ಮಿ ಆಗಬಹುದು, ಪೂರ್ತಿ ನಿಂತು ಹೋಗಲ್ಲ.”

ಮುರಳೀಧರರಿಗೆ ಹೋದ ಜೀವ ಬಂದಂತಾಯಿತು. ಇನ್ನು ಬೆಳಗಾದರೆ ಕೌಂಟರಿಗೆ ಓಡಬೇಕಿಲ್ಲ ಎಂದು ಖುಷಿಯಿಂದ ಕಾಲು ಚಾಚಿದರು. ಅಷ್ಟರಲ್ಲಿ ಏನೋ ಹೊಳೆದು ಎಣ್ಣೆಗೈ ಗಕ್ಕನೆ ನಿಂತಿತು.

“ತಾಳು. ನಿಂಗೂ ಕಟ್ ಆಗುತ್ತಾ?”

“ಪ್ರತಿ ಪೇಚೆಕ್‌ನಲ್ಲೂ.”

“ಹಾಗಾದ್ರೆ ನಂಗೆ ಬರೋದು ನಿನ್ನ ದುಡ್ಡು! ಮುಚ್ಚು ಲ್ಯಾಪ್‌ಟಾಪು.”

ಮೈಥಿಲಿ ಸೌಟು ಹಿಡಿದೇ ಹೊರಗೆ ಬಂದರು. “ಅಯ್ಯೋ ರಾಮ! ಇಷ್ಟು ವರ್ಷ ನಿಮಗೆ ಕಟ್ ಆಗಿದ್ದು ಯಾರಿಗೆ ಹೋಯ್ತು ಅಂದ್ಕೊಂಡ್ರಿ? ಪಕ್ಕದ ಮನೆ ಡೋರಿಸ್ ಅಂಥೋರಿಗೆ. ನೀವೇನು ಅವರ ಹೊಟ್ಟೇಲಿ ಹುಟ್ಟಿದ್ರಾ? ಅವರು ಬೇಡ ಅಂದ್ರಾ?”

ಮುರಳೀಧರ ಎದ್ದು ಕಿಟಕಿಯ ಬಳಿ ಹೋದರು. ಆಚೆ ಎಂಬತ್ತು ದಾಟಿದ ಡೋರಿಸ್ ಒಬ್ಬರೇ ಗಿಡಗಳಿಗೆ ನೀರು ಹಾಕುತ್ತಿದ್ದರು. ಇವರನ್ನು ಕಂಡು ಎಂದಿನಂತೆ ಕೈಬೀಸಿದರು. ಆ ಮುದುಕಿಗೆ ಬೇರೆ ಕೆಲಸವಿಲ್ಲ ಎಂದು ಗೊಣಗುವುದು ಮುರಳೀಧರರ ರೂಢಿ. ಇವತ್ತು ತುಸು ಹೊತ್ತು ಅವರನ್ನೇ ನೋಡುತ್ತಾ ನಿಂತರು. ಆಮೇಲೆ ಮಂಡಿಯ ಎಣ್ಣೆ ಒರೆಸಿಕೊಂಡು ಚಪ್ಪಲಿ ಮೆಟ್ಟಿದರು.

“ನೀನು ಅಪ್ಲೈ ಮಾಡ್ತಿರಮ್ಮ,” ಎಂದರು ಮಗಳಿಗೆ. “ನಾನು ಡೋರಿಸಮ್ಮಂಗೆ ಊಟ ಆಯ್ತಾ ಅಂತ ಕೇಳ್ಕೊಂಡು ಬರ್ತೀನಿ.”