ಬ್ರೇಕ್ ಫೇಲ್ ಆದರೆ

“ಮೊದಲು ಹಾರ್ನ್ ಹೊಡೀತೀನಿ, ಮಾವ.”

ಮಾತು ಜಾರಿದ ಮೇಲೆಯೇ ಸೊಸೆಗೆ ತಾನು ಕೂತಿರುವುದು ಮನೆಯ ಊಟದ ಮೇಜಿನ ಮುಂದಲ್ಲ ಎಂಬುದು ನೆನಪಾದದ್ದು. ಇದು ಸಿದ್ಧ ಉಡುಪಿನ ಕಾರ್ಖಾನೆಯ ಆಫೀಸು. ಎದುರಿಗಿದ್ದವನು ಇಲ್ಲಿಯ ಮ್ಯಾನೇಜರು. ಅವಳಿಗಿಂತ ನಾಲ್ಕಾರು ವರ್ಷ ಚಿಕ್ಕವನೇ ಇರಬೇಕು. ಲಾರಿಗೆ ಮಾಲು ತುಂಬುವ ಹೊತ್ತಿಗೆ ಷರಟುಗಳ ಕಾಲರಿನಲ್ಲಿ ತಪ್ಪು ಕಂಡರೆ ಏನು ಮಾಡುತ್ತೀರಿ ಎಂದು ಅವನು ಕೇಳಿದ್ದ. ಹೊಲಿದ ಬಟ್ಟೆಯನ್ನು ತಿರುವಿ ಮುರುವಿ ತಪ್ಪು ಹುಡುಕುವುದೇ ಅವಳ ಕಸುಬು, ಉತ್ತರ ಗೊತ್ತಿಲ್ಲವೆಂದಲ್ಲ. ಆದರೆ ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ದಿನಾ ಬೆಳಿಗ್ಗೆ ಮನೆಯಲ್ಲಿ ಒಪ್ಪಿಸುತ್ತಿದ್ದ ಪಾಠ.

“ಮಾವ?” ಎಂದ ಮ್ಯಾನೇಜರು. ಅವನ ಪಕ್ಕದಲ್ಲಿದ್ದ ಸೂಪರ್‌ವೈಸರ್ ಹೆಂಗಸು ನಗು ತಡೆಯಲಾರದೆ ನೀರಿನ ಲೋಟವನ್ನು ಬಾಯಿಗಿಟ್ಟುಕೊಂಡಳು.

“ತಪ್ಪಾಯ್ತು ಸಾರ್.” ಸೊಸೆಯ ಕಿವಿಯೆಲ್ಲ ಬಿಸಿಯಾಗಿತ್ತು. “ನಮ್ಮ ಮಾವ ಮನೇಲಿ ದಿನಾ ನನಗೆ ಇಂಟರ್‌ವ್ಯೂ ಮಾಡ್ತಾರೆ. ಬಸ್ ಡ್ರೈವರ್ ಆಗಿದ್ದೋರು. ಅವರಿಗೆ ಗೊತ್ತಿರೋದು ಒಂದೇ ಪ್ರಶ್ನೆ. ಬ್ರೇಕ್ ಫೇಲ್ ಆದ್ರೆ ಏನ್ ಮಾಡ್ತೀಯ ಅಂತ.”

ಅತ್ತೆ ತೀರಿಕೊಂಡ ಮೇಲೆ ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಗಡ್ಡ ಹೆರೆಯುವುದನ್ನೂ ಬಿಟ್ಟಿದ್ದರು. ದೇವರಿಗೆ ಕೈಮುಗಿಯುವುದೊಂದನ್ನು ಬಿಟ್ಟಿರಲಿಲ್ಲ, ಅದೂ ಮಲಗಿದಲ್ಲಿಂದಲೇ. ಅದರ ಬೆನ್ನಿಗೇ ಸೊಸೆ ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ಬೀಗ ಬಿತ್ತು. ಹೋದ ಹೋದಲ್ಲೆಲ್ಲ ‘ತಿಳಿಸುತ್ತೇವೆ’ ಎಂಬ ಒಂದೇ ಮಾತು ಕೇಳಿ ಸಾಕಾಗಿ, ಒಂದು ಬೆಳಿಗ್ಗೆ ಅವಳೂ ಏಳದೆ ಮುಸುಕೆಳೆದುಕೊಂಡಳು. ಗಂಡ ಕೆಲಸಕ್ಕೆ ಹೋಗಿಯಾಗಿತ್ತು. ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಆಗ ಊಟದ ಕೋಣೆಯಲ್ಲಿ ಯಾರೋ ಮೇಜು ಕುಟ್ಟಿದ ಸದ್ದಾಯಿತು.

“ಮುಂದಿನವರು ಬರಬಹುದು!”

ಎದ್ದು ಬಂದು ನೋಡಿದರೆ ಮಾವ! ಗಡ್ಡ ಹೆರೆದು, ಪೆಟ್ಟಿಗೆಯಿಂದ ತೆಗೆದ ಹಳೆಯ ಖಾಕಿ ಷರಟು ತೊಟ್ಟು, ಅತ್ತೆ ಕೂರುತ್ತಿದ್ದ ಕುರ್ಚಿಯಲ್ಲಿ ಠೀವಿಯಿಂದ ಕೂತಿದ್ದಾರೆ. ಗಲ್ಲದ ಮೇಲೆ ಬ್ಲೇಡು ತಾಗಿದ ಗಾಯ.

“ಬ್ರೇಕ್ ಫೇಲ್ ಆದ್ರೆ ಏನಮ್ಮ ಮಾಡ್ತೀಯ?”

“ನಾನು ಬಟ್ಟೆ ಚೆಕ್ ಮಾಡೋಳು ಮಾವ, ಬಸ್ ಓಡ್ಸೋಳಲ್ಲ.”

“ಅಧಿಕಪ್ರಸಂಗ ಬೇಡ. ಕೇಳಿದ್ದಕ್ಕೆ ಉತ್ತರ.”

“ದೇವರೇ ಕಾಪಾಡ್ಬೇಕು.”

“ಅವನು ಕಾಪಾಡ್ತಾನೆ, ಅನುಮಾನ ಬೇಡ. ಅಲ್ಲೀತನಕ ನೀನೇನು ಮಾಡ್ತೀಯ? ಮೊದಲು ಹಾರ್ನ್ ಹೊಡಿ. ನಾಚಿಕೊಳ್ಳದೆ ಹೊಡಿ, ಎಲ್ಲರಿಗೂ ಗೊತ್ತಾಗ್ಲಿ. ಆಮೇಲೆ ಗೇರ್ ಇಳಿಸು. ಏನೇ ಆಗ್ಲಿ, ಸ್ಟೀರಿಂಗ್ ಬಿಡ್ಬೇಡ.”

ಸೊಸೆ ನಗುತ್ತಲೇ ಒಲೆ ಹೊತ್ತಿಸಿದಳು. ಅಂದಿನಿಂದ ಆ ಮನೆಯಲ್ಲಿ ಇಬ್ಬರಿಗೂ ಬೆಳಗಾಗತೊಡಗಿತು.

“ಸರಿ, ಹಾರ್ನ್ ಹೊಡೆದಾಯ್ತು,” ಎಂದ ಮ್ಯಾನೇಜರು ಕುರ್ಚಿಗೆ ಒರಗಿ. “ಆಮೇಲೆ?”

ಅವನು ಗೇಲಿ ಮಾಡುತ್ತಿಲ್ಲ ಎಂದು ಕಂಡಾಗ ಸೊಸೆಗೆ ಉಸಿರು ಬಂತು. “ತಪ್ಪನ್ನ ಮುಚ್ಚಿಡಲ್ಲ ಸಾರ್, ಮೊದಲು ಎಲ್ಲರಿಗೂ ಕೂಗಿ ಹೇಳ್ತೀನಿ. ತುಂಬೋ ಕೆಲಸ ನಿಧಾನ ಮಾಡಿಸಿ, ಕೆಟ್ಟದ್ದನ್ನ ಬೇರೆ ಮಾಡ್ತೀನಿ. ಎಲ್ಲ ಮುಗಿಯೋತನಕ ಜಾಗ ಬಿಟ್ಟು ಏಳಲ್ಲ.”

ಸೂಪರ್‌ವೈಸರ್ ಹೆಂಗಸು ಲೋಟ ಕೆಳಗಿಟ್ಟಳು. “ನಮ್ಮಲ್ಲಿ ಹಾರ್ನ್ ಹೊಡೆಯೋರೇ ಇಲ್ಲ ಸಾರ್. ಲಾರಿ ಹೋದ್ಮೇಲೆ ಬಂದು ಕಿವೀಲಿ ಹೇಳ್ತಾರೆ.”

“ಸೋಮವಾರದಿಂದ ಬಂದ್ಬಿಡಿ,” ಎಂದ ಮ್ಯಾನೇಜರು. “ಎಲ್ಲರೆದುರು ಮಾತ್ರ ನನ್ನನ್ನ ಮಾವ ಅನ್ಬೇಡಿ.”

ಮಾವ ಮನೆಯ ಗೇಟಿನಲ್ಲೇ ಕಾಯುತ್ತಿದ್ದರು. ನಡೆದದ್ದನ್ನೆಲ್ಲ ಕೇಳಿ, ಗೇಟು ಹಿಡಿದುಕೊಂಡೇ ನಕ್ಕರು. “ಅಯ್ಯೋ ಮಂಕೇ, ಆ ಪುಣ್ಯಾತ್ಮನ್ನ ಮಾವ ಅಂದ್ಯಾ? ಇನ್ನೂ ಮದುವೇನೂ ಆಗಿಲ್ವೇನೋ ಅವನಿಗೆ!” ನಕ್ಕು ನಕ್ಕು ಕಣ್ಣೊರೆಸಿಕೊಂಡು ಒಳಗೆ ಹೋಗಿ ದೇವರಿಗೆ ಕೈಮುಗಿದರು, ಹಾಗೇ ತಿರುಗಿ ಅತ್ತೆಯ ಫೋಟೋಗೂ ಸುದ್ದಿ ಹೇಳಿದರು. ಆಮೇಲೆ ಅತ್ತೆಯ ಕುರ್ಚಿಯನ್ನು ಊಟದ ಮೇಜಿನ ಕೆಳಗೆ ತಳ್ಳಿದರು.

“ಹಾಗಾದ್ರೆ ನಮ್ಮ ಆಫೀಸು ಇವತ್ತಿಂದ ಬಂದ್.”

ನಗುತ್ತಲೇ ಹೇಳಿದ ಮಾತು. ಆದರೆ ಅವರ ಕೈ ಕುರ್ಚಿಯ ಬೆನ್ನನ್ನು ಬಿಟ್ಟು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಸೊಸೆ ಅದನ್ನು ನೋಡಿದಳು.

ಸೋಮವಾರ ಬೆಳಿಗ್ಗೆ ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು ಅವಳು ಹೊರಟು ನಿಂತಾಗ ಮಾವನ ಕೋಣೆಯ ಬಾಗಿಲು ಇನ್ನೂ ಮುಚ್ಚಿತ್ತು. ಸೊಸೆ ಚಪ್ಪಲಿ ಕಳಚಿ ಮತ್ತೆ ಒಳಗೆ ಬಂದಳು. ಅತ್ತೆಯ ಕುರ್ಚಿಯನ್ನು ಎಳೆದುಕೊಂಡು ಕೂತು ಮೇಜು ಕುಟ್ಟಿದಳು.

“ಮುಂದಿನವರು ಬರಬಹುದು!”

ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ಕುಟ್ಟಿದಳು. ಬಚ್ಚಲಲ್ಲಿ ನಲ್ಲಿ ತಿರುಗಿಸಿದ ಸದ್ದು ಕೇಳಿತು. ಕೊನೆಗೆ ಮಾವ ಬಂದರು, ಗಡ್ಡ ಹೆರೆದುಕೊಂಡು, ಕಿವಿಯ ಹತ್ತಿರ ಒಂದಿಷ್ಟು ಸೋಪಿನ ನೊರೆ ಹಾಗೇ ಬಿಟ್ಟುಕೊಂಡು. ಇಷ್ಟು ದಿನ ಅವಳು ಕೂರುತ್ತಿದ್ದ ಸ್ಟೂಲಿನ ತುದಿಯಲ್ಲಿ ವಿನಯದಿಂದ ಕೂತರು.

“ನಾನು ಬರೋದು ಸಂಜೆ. ಅಲ್ಲೀತನಕ ಮನೇಲಿ ನೀವೊಬ್ರೇ,” ಎಂದಳು ಸೊಸೆ ಅಧಿಕಾರದ ದನಿಯಲ್ಲಿ. “ಏನ್ ಮಾಡ್ತೀರಿ?”

ಮಾವ ಅವಳು ಕೂತಿದ್ದ ಕುರ್ಚಿಯನ್ನೊಮ್ಮೆ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡರು.

“ಗೇರ್ ಇಳಿಸ್ಕೊಂಡು ನಿಧಾನವಾಗಿ ಹೋಗ್ತೀನಿ ಮೇಡಂ,” ಎಂದರು. “ಸ್ಟೀರಿಂಗ್ ಬಿಡಲ್ಲ.”