ಎರಡನೇ ಗೇರ್

ಫಸ್ಟ್ ಗೇರಿನಲ್ಲೇ ಇಂಜಿನ್ ಅರಚುತ್ತಿದ್ದರೂ ಲೀಲಾಧರನ ಎಡಗೈ ಗೇರಿನ ಮೇಲೆ ಸುಮ್ಮನೆ ಕುಳಿತಿತ್ತು. ಹೊಸ ಗೇರ್‌ಬಾಕ್ಸ್ ಹಾಕಿಸಿಕೊಂಡ ಪಿಕಪ್ ಆಗಷ್ಟೇ ತುರ್ಭೆಯ ರಸ್ತೆಗಿಳಿದಿತ್ತು. "ಸೆಕೆಂಡ್ ಡಾಲೋ, ಶೆಟ್ಟಿ! ಏಕ್‌ದಮ್ ಮಕ್ಖನ್ ಹೈ!" ಎಂದು ಗ್ಯಾರೇಜಿನ ಬಾಗಿಲಿನಿಂದ ಮೆಕ್ಯಾನಿಕ್ ಕೂಗಿದ; ಸೆಕೆಂಡಿಗೆ ಹಾಕಿದರೆ ಬೆಣ್ಣೆಯಂತೆ ಜಾರುತ್ತದೆಂದು ಅವನ ಭರವಸೆ.

ಹಳೆಯದು ಎಷ್ಟು ಸವೆದಿತ್ತೆಂದರೆ, ಸೆಕೆಂಡಿಗೆ ಎಳೆದಾಗಲೆಲ್ಲ ರಾಡು ಪಕ್ಕದ ಸೀಟಿನವರೆಗೂ ಬಂದು ಬಡಿಯುತ್ತಿತ್ತು. ಸಾನಪಾಡಾದಿಂದ ಖಾರಘರದವರೆಗೆ ಹೋಟೆಲುಗಳಿಗೆ ಇಡ್ಲಿ ಹಿಟ್ಟು ಹಾಕಲು ಹೋಗುವಾಗ ಅಲ್ಲಿ ಕೂರುತ್ತಿದ್ದವಳು ಹೆಂಡತಿ ಉಮಾವತಿ.

"ನನ್ನ ಮೊಣಗಂಟು ನೀಲಿಯಾಯ್ತು. ಇದೊಂದು ಬದಲಾಯಿಸಿ ಮಾರಾಯ್ರೆ."

"ನಲವತ್ತು ಸಾವಿರ ಆಗ್ತದೆ. ನೀನೇ ಸ್ವಲ್ಪ ಕಾಲು ತೆಗಿ."

ಆಮೇಲೆ ಆರು ವರ್ಷ ಅವಳು ಹೇಳಿಸಿಕೊಳ್ಳದೆ ಕಾಲು ಸರಿಸಿದಳು. ಅದು ಸರಿದ ಮೇಲೆಯೇ ಇವನು ಗೇರ್ ಎಳೆಯುತ್ತಿದ್ದ. ಕಳೆದ ದೀಪಾವಳಿಯ ಹೊತ್ತಿಗೆ ಅವಳು ತೀರಿಕೊಂಡಳು. ಮೊನ್ನೆ ಗೇರೇ ಬೀಳದೆ ಗಾಡಿ ನಿಂತಾಗ ಲೀಲಾಧರ ಒಂದು ಮಾತೂ ಚೌಕಾಸಿ ಮಾಡದೆ ನಲವತ್ತೆರಡು ಸಾವಿರ ಕೊಟ್ಟಿದ್ದ.

ಈಗಲೂ ಅವನ ಕೈ ಆ ಕಾಲು ಸರಿಯುವುದನ್ನೇ ಕಾಯುತ್ತಿತ್ತು. ಹಿಂದಿನ ಟೆಂಪೋ ಹಾರ್ನ್ ಹೊಡೆದಾಗ ಎಳೆದ. ಗೇರ್ ಸದ್ದಿಲ್ಲದೆ ಬಿತ್ತು. ರಾಡು ಸೀಟಿನಿಂದ ಒಂದು ಗೇಣು ಈಚೆಗೇ ನಿಂತಿತು.

ಲೀಲಾಧರ ಖಾಲಿ ಸೀಟಿನ ಕಡೆ ನೋಡಲಿಲ್ಲ.

"ಇನ್ನು ಕಾಲು ಚಾಚಿ ಕೂತ್ಕೊ ಮಾರಾಯ್ತಿ," ಎಂದ.